ಮೂರು ಗುಂಡಿಯ ಜಪಾನಿ ವಾಚು

ಅಫಜಲಪುರದ ಬಸ್ ನಿಲ್ದಾಣದಲ್ಲಿ ನಾನು ಹನ್ನೊಂದು ವರ್ಷ ಕಂಟ್ರೋಲರ್ ಆಗಿದ್ದೆ. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವುದು, ಕಿಟಕಿಗೆ ಬಂದವರಿಗೆ ಹೇಳುವುದು, ಇಷ್ಟೇ ಕೆಲಸ. ದಿನಕ್ಕೆ ನೂರಾರು ಜನ ಬಂದು "ಬಸ್ ಎಷ್ಟಕ್ಕ ಅದ್ರಿ?" ಎಂದು ಕೇಳಿ, ಹೇಳುತ್ತಲೇ ಬೆನ್ನು ತಿರುಗಿಸುತ್ತಿದ್ದರು. ಮನೆಯಲ್ಲಿ ಅಷ್ಟೂ ಮಾತಿರಲಿಲ್ಲ. ಮದುವೆಯಾದ ಎರಡನೇ ವರ್ಷ ತವರಿಗೆ ಹೋದ ಹೆಂಡತಿ ತಿರುಗಿ ಬರಲಿಲ್ಲ. ಹಿರಿಯರು ಕೂತು ಬಿಡುಗಡೆ ಮಾಡಿಸಿದರು. ಜಗಳವೇನೂ ಆಗಿರಲಿಲ್ಲ. "ಆ ಮನುಷ್ಯಾ ಮಾತೇ ಆಡಂಗಿಲ್ಲ" ಅಂದಳಂತೆ. ಖರೆ ಮಾತೇ.

ಎಂಬತ್ತರ ದಶಕದ ನಡುವಿನಲ್ಲಿ ಒಮ್ಮೆ ಜೇವರ್ಗಿಗೆ ಹೋದಾಗ ವಾಚಿನಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಕಂಡೆ. ಹಳೆಯ ಜಪಾನಿ ವಾಚು, ನೀಲಿ ಮುಖ, ಮುಖದೊಳಗೆ ಎರಡು ಸಣ್ಣ ಮುಖಗಳು, ಬಲಗಡೆ ಕೀಲಿಯ ಜೊತೆ ಇನ್ನೆರಡು ಗುಂಡಿ. ವಾರದ ಹೆಸರು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಇತ್ತು.

"ಸೌದಿ ಕಡಿಂದ ಬಂದ ಮಾಲು ಸಾಹೇಬ್ರ. ಎಲ್ಲಾ ಒರಿಜಿನಲ್" ಅಂದ ಅಂಗಡಿಯವ.

ನಾನು ಅವಸರ ಮಾಡಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಗಂಟೆ ಪರೀಕ್ಷೆ ಮಾಡಿದೆ. ಮೇಲಿನ ಗುಂಡಿ ಒತ್ತಿದರೆ ಉದ್ದನೆಯ ಸಣಕಲು ಮುಳ್ಳು ಓಡಬೇಕು, ಮತ್ತೊಮ್ಮೆ ಒತ್ತಿದರೆ ನಿಲ್ಲಬೇಕು, ಕೆಳಗಿನದು ಒತ್ತಿದರೆ ಹಾರಿ ಸರಿಯಾಗಿ ಹನ್ನೆರಡರ ಮೇಲೆ ಬಂದು ಕೂಡಬೇಕು. ಕೂತಿತು. ಹತ್ತು ಸಲ ಒತ್ತಿದರೂ ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಳಗಿನ ತೂಕದ ಚಕ್ರ ಮೆತ್ತಗೆ ತಿರುಗಿತು, ಎಲ್ಲೂ ತಿಕ್ಕಲಿಲ್ಲ. ಗುಂಡಿಗಳ ಅಂಚಿನ ಹೊಳಪು ಮಾತ್ರ ಹೋಗಿತ್ತು. ಯಾರದೋ ಹೆಬ್ಬೆರಳು ಅಲ್ಲಿ ವರ್ಷಗಟ್ಟಲೆ ಆಡಿತ್ತು. ಆ ಸವೆತ ನೋಡಿಯೇ ನನಗೆ ಅದು ಬೇಕೆನಿಸಿತು.

ಆಮೇಲೆ ಸಂಜೆಗಳಿಗೆ ಒಂದು ಕೆಲಸ ಸಿಕ್ಕಿತು. ರೇಡಿಯೋದ ವಾರ್ತೆಗೆ ಮುಂಚಿನ ಪೀಂ ಪೀಂ ಶಬ್ದಕ್ಕೆ ವಾಚು ಹಿಡಿದು ನೋಡುವುದು. ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ. ಅನ್ನ ಕುದಿಯಲು ಎಷ್ಟು ಹೊತ್ತು, ಮುಂದಿನ ಓಣಿಯ ಬೋರಿನಲ್ಲಿ ಕೊಡ ತುಂಬಲು ಎಷ್ಟು ಹೊತ್ತು, ಎಲ್ಲವನ್ನೂ ಗುಂಡಿ ಒತ್ತಿ ಅಳೆದೆ. ಹೇಳಲು ಯಾರೂ ಇರಲಿಲ್ಲ, ಆದರೂ ಅಳೆದೆ.

ಒಂದು ಸಂತೆಯ ದಿನ ಕಿಟಕಿಗೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತೈದರ ಆಸುಪಾಸು. ನಿಂಬರ್ಗಾದ ಕಡೆಗೆ ಬಸ್ಸು ಕೇಳಿದಳು. ಹೇಳಿದೆ. ಅವಳು ಹೋಗಲಿಲ್ಲ. ನನ್ನ ಮಣಿಕಟ್ಟನ್ನೇ ನೋಡುತ್ತ ನಿಂತಳು.

"ಅಣ್ಣಾರ, ಈ ವಾಚು ನಿಮಗ ಎಲ್ಲಿ ಸಿಕ್ತ್ರಿ?"

"ಯಾಕಮ್ಮ?"

"ಇದು ನಮ್ಮ ಮನಿಯವರದು ಇದ್ದಂಗ ಅದ."

ಗಂಡ ಮುಂಬಯಿಯ ಏಜೆಂಟನ ಕೈಯಿಂದ ಸೌದಿಗೆ ಹೋಗಿದ್ದ. ಎರಡು ವರ್ಷ ಬಿಟ್ಟು ಒಮ್ಮೆ ಊರಿಗೆ ಬಂದಾಗ ಇಂಥದೇ ವಾಚು ಕಟ್ಟಿಕೊಂಡಿದ್ದನಂತೆ. ತಿರುಗಿ ಹೋದ ಮೇಲೆ ಮೂರು ಪತ್ರ ಬಂದವು. ಆಮೇಲೆ ನಾಲ್ಕು ವರ್ಷ ಏನೂ ಇಲ್ಲ.

"ಇಂಥಾವು ಊರಿಗೆ ನೂರ ಇರ್ತಾವಮ್ಮ" ಎಂದು ಕೈ ಕೆಳಗಿಳಿಸಿದೆ. ಸುಳ್ಳು. ನಮ್ಮ ಮೂರು ತಾಲೂಕಿನಲ್ಲಿ ಅಂಥದು ಇನ್ನೊಂದನ್ನು ನಾನು ಕಂಡಿರಲಿಲ್ಲ.

ಮುಂದಿನ ಸಂತೆಗೂ ಬಂದಳು, ಅದರ ಮುಂದಿನದಕ್ಕೂ. ಏನೂ ಕೇಳುತ್ತಿರಲಿಲ್ಲ. ಕಿಟಕಿಯಿಂದ ಸ್ವಲ್ಪ ದೂರ ನಿಂತು ನೋಡಿ ಹೋಗುತ್ತಿದ್ದಳು. ನಾನು ವಾಚನ್ನು ಜೇಬಿನಲ್ಲಿ ಇಟ್ಟುಕೊಂಡು ಕೂರತೊಡಗಿದೆ. ಆ ವಾರ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾಲ್ಕನೇ ಸಲ ನಾನೇ ಕರೆದೆ.

"ನಿಮ್ಮದೇ ಅಂತ ಹ್ಯಾಂಗ ಗುರುತು ಹಿಡಿತೀರಿ?"

ಅವಳ ಹತ್ತಿರ ಉತ್ತರ ತಯಾರಿತ್ತು. "ಆಳಂದದಾಗ ಗಾಜು ಹಾಕಿಸಿದ್ರು. ಆ ಅಂಗಡಿ ಮುದುಕಾ ತಾ ಬಿಚ್ಚಿದ ಎಲ್ಲಾ ವಾಚಿಗೂ ಒಳಗ ಗುರುತು ಕೊರಿತಾನಂತ. ಹಂಗಂತ ನಮ್ಮನಿಯವ್ರೇ ಹೇಳಿದ್ರು."

ನನ್ನ ರಜೆಯ ದಿನ ಇಬ್ಬರೂ ಆಳಂದಕ್ಕೆ ಹೋದೆವು. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ಗುರುತು ಸಿಕ್ಕರೆ ಅಲ್ಲೇ ಬಿಚ್ಚಿಕೊಟ್ಟು ಬರುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಆದರೂ ಸಿಗದಿರಲಿ ಎಂದು ಒಳಗೊಳಗೇ ಬೇಡುತ್ತಿದ್ದೆ.

ಮುದುಕರು ಕಣ್ಣಿಗೆ ಭೂತಗಾಜು ಸಿಗಿಸಿಕೊಂಡು ಹಿಂದಿನ ಮುಚ್ಚಳ ತಿರುವಿ ತೆಗೆದರು. ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನನ್ನ ನಿಶಾನಿ ಇಲ್ಲಮ್ಮ."

ಅವಳು ಅಳಬಹುದು ಎಂದುಕೊಂಡಿದ್ದೆ. ಅಳಲಿಲ್ಲ. ಮುಖ ತುಸು ಅರಳಿತು.

"ಹಂಗಾರ ಅವ್ರ ವಾಚು ಇನ್ನೂ ಅವ್ರ ಕೈಯಾಗೇ ಅದ ಅನ್ರಿ."

ಮುದುಕರು ನನ್ನತ್ತ ನೋಡಿದರು. "ಇರಬಹುದಮ್ಮ, ಇರಬಹುದು" ಅಂದರು.

ಅವಳು ನೀರು ಕುಡಿಯಲು ಎದುರಿನ ಹೋಟೆಲಿಗೆ ಹೋದಳು. ಮುದುಕರು ಮುಚ್ಚಳ ಹಾಕುತ್ತ ದನಿ ತಗ್ಗಿಸಿದರು.

"ಸಾಹೇಬ್ರ, ಈ ಮುಚ್ಚಳ ಈ ವಾಚಿಂದಲ್ಲ. ನಂಬರು ಮಷೀನಿಗೆ ತಾಳೆ ಆಗಂಗಿಲ್ಲ. ಯಾರೋ ಬದಲಿ ಮಾಡ್ಯಾರ. ನನ್ನ ನಿಶಾನಿ ಇದ್ದಿದ್ರೂ ಹಳೇ ಮುಚ್ಚಳದ ಜೋಡಿ ಹೋಗಿರ್ತದ."

"ಗಾಜು?"

"ಬದಲಿ ಗಾಜೇ ಅದ. ನಾ ಹಾಕಿದ್ದೂ ಇರಬಹುದು, ಅಲ್ಲದ್ದೂ ಇರಬಹುದು. ಗಾಜಿನ ಮ್ಯಾಲ ನಾ ಬರಿಯಂಗಿಲ್ಲ."

"ಅಕಿಗೆ ಹೇಳೋಣೇನ್ರಿ?"

"ಏನಂತ ಹೇಳ್ತೀರಿ? ನಿಮಗ ತಿಳಿದದ್ದು ಏನದ?"

ಅವಳು ಬಂದಳು. ಮುದುಕರಿಗೆ ಕೈ ಮುಗಿದಳು. ನನಗೆ, "ಅಣ್ಣಾರ, ಸುಮ್ಮನ ನಿಮ್ಮ ರಜಾ ಕೆಡಿಸಿದೆ" ಅಂದಳು. ಅವಳ ಊರಿನ ಬಸ್ಸು ಮೊದಲು ಬಂತು. ಹತ್ತಿ ಕೂತು ಕಿಟಕಿಯಿಂದ ಕೈ ಎತ್ತಿದಳು. ಈಗ ಹೇಳಬೇಕು, ಈಗ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಬಸ್ಸು ಹೊರಳಿತು.

ಆಮೇಲೂ ಅವಳು ಸಂತೆಗೆ ಬರುತ್ತಿದ್ದಳು. ಈಗ ಕಿಟಕಿಯ ಹತ್ತಿರವೇ ನಿಲ್ಲುತ್ತಿದ್ದಳು. ಜೋಳ ಚಲೋ ಬಂದದ, ಮಗಳು ಏಳನೇ ಇಯತ್ತೆ ಪಾಸಾದಳು, ಹೀಗೆ ಏನಾದರೊಂದು. ಬಸ್ಸಿನ ಹೊತ್ತು ಕೇಳದೆ ನನ್ನ ಜೊತೆ ಮಾತಾಡಿದವಳು ಆ ಊರಿನಲ್ಲಿ ಅವಳೊಬ್ಬಳೇ. ನಾನು ವಾರವಿಡೀ ಆ ನಾಲ್ಕು ಮಾತಿಗೆ ಕಾಯುತ್ತಿದ್ದೆ. ಮುಚ್ಚಳದ ಸಂಗತಿ ಹೇಳಿದರೆ ಅದೂ ಹೋಗುತ್ತದೆಂಬ ಹೆದರಿಕೆ ಸೇರಿಕೊಂಡಿತು. ಅವಳ ನೆಮ್ಮದಿಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದೂವರೆ ವರ್ಷದ ಮೇಲೆ ಬರುವುದು ನಿಂತಿತು. ಆರು ಸಂತೆ ಕಾದು, ಏಳನೆಯದಕ್ಕೆ ನಾನೇ ನಿಂಬರ್ಗಾಕ್ಕೆ ಹೋದೆ, ಎಲ್ಲ ಹೇಳಿಬಿಡುವುದೆಂದು. ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ತೊಗರಿಬೇಳೆ ಕೇರುತ್ತಿದ್ದಳು.

"ಮಗಳನ್ನ ಕರ್ಕೊಂಡು ಪುಣೆಕ್ಕ ಹೋದ್ಳಪಾ, ಕಟ್ಟಡದ ಕೆಲಸಕ್ಕ. ನೀ ಯಾರು?"

"ಬಸ್ ಸ್ಟ್ಯಾಂಡಿನಾವ" ಅಂದೆ.

"ಕೀಲಿ ನನ್ನ ಕೈಯಾಗ ಕೊಟ್ಟಾಳ. ಗಂಡ ಬಂದ್ರ ಕೊಡು ಅಂತ."

ಮುದುಕಿ ಕೂತ್ಕೋ ಅಂದಳು. ಕೂತೆ. ಒಂದು ರೊಟ್ಟಿ, ಶೇಂಗಾ ಹಿಂಡಿ ತಂದು ಕೊಟ್ಟಳು. ತಿನ್ನುತ್ತಿದ್ದಾಗ ಅವಳು ತನ್ನ ಸೊಸೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಲೇ ಇದ್ದಳು. ನಾನು ಹೂಂ ಅನ್ನುತ್ತ, ಬಿಸಿಲು ಇಳಿಯುವ ತನಕ ಆ ಬೀಗದ ಬಾಗಿಲಿನ ಎದುರೇ ಕೂತಿದ್ದೆ.