ಮಾತಿಲ್ಲದ ದೃಶ್ಯಕ್ಕೆ ಮರಾಠಿ ಅನುವಾದ

ಗೆಳೆಯರೇ, ಸಸ್ಪೆನ್ಸ್ ಸಿನಿಮಾ ಹೇಗೆ ಶುರುವಾಗಬೇಕು ಎಂಬುದನ್ನು ಇವತ್ತು ಬೆಳಗಾವಿಯ ಟಾಕೀಸಿನಲ್ಲಿ ಮ್ಯಾಟಿನಿಗೆ ಕೂತು ಕಲಿತೆ. ಕಲಿಸಿದವರು ಹಿಂದಿನ ಸಾಲಿನಲ್ಲಿದ್ದ ಗಂಡ ಹೆಂಡತಿ, ನಮ್ಮ ಖಾನಾಪುರದವರೇ.

ಹೆಂಡತಿಗೆ ಕನ್ನಡ ಅಷ್ಟಕ್ಕಷ್ಟೆ. ಸಿನಿಮಾದ ಪ್ರತಿ ಮಾತನ್ನೂ ಗಂಡ ಅವಳ ಕಿವಿಯಲ್ಲಿ ಮರಾಠಿ ಮಾಡಿ ಹೇಳಬೇಕು. ನಮ್ಮ ಕಡೆ ಇದು ಮಾಮೂಲು. ಆದರೆ ಇವತ್ತಿನ ಸಿನಿಮಾ ಶುರುವಾದದ್ದೇ ಕಪ್ಪು-ಬಿಳುಪಿನ ಒಂದು ಖಾಲಿ ಮನೆಯಿಂದ. ಗಡಿಯಾರದ ಟಿಕ್ ಟಿಕ್, ತಾನಾಗಿಯೇ ತೂಗುವ ಕುರ್ಚಿ. ಮಾತೇ ಇಲ್ಲ.

ಅವರ ಮರಾಠಿಯನ್ನು ನಮ್ಮ ಕನ್ನಡದಲ್ಲೇ ಬರೆಯುತ್ತೇನೆ.

"ಏನಂತಾರ್ರಿ?"

"ಏನೂ ಅನ್ನವಲ್ರು."

"ಇಷ್ಟೊತ್ತು ಯಾರೂ ಮಾತಾಡಂಗಿಲ್ಲೇನು? ಎಲ್ಲಾರೂ ಉಸಿರು ಬಿಗಿಹಿಡ್ದು ಕುಂತಾರ. ನಂಗಷ್ಟ ಮುಚ್ಚಿಡ್ತೀರಿ!"

ಗಂಡ ಸೋತ. "ಆ ಕುರ್ಚಿಮ್ಯಾಲ ಮನಿ ಮಾಲಕನ ಮೊದಲನೇ ಹೆಂಡ್ತಿ ಕುಂತಾಳ. ಸತ್ತಾಳ, ಆದ್ರ ಮನಿ ಬಿಟ್ಟಿಲ್ಲ. ಎರಡನೇಯಾಕಿಗೆ ಆಕಿ ಸುದ್ದೀನ ಗೊತ್ತಿಲ್ಲ."

ನಮ್ಮ ಸಾಲಿಗೆ ಸಾಲೇ ಪರದೆ ಬಿಟ್ಟು ಹಿಂದಕ್ಕೆ ವಾಲಿತು.

ಸಿನಿಮಾ ಮುಗಿಯಿತು. ಕುರ್ಚಿ ತೂಗಿಸಿದ್ದು ಕಿಟಕಿಯ ಗಾಳಿ, ಕಥೆಯಲ್ಲಿನ ಕೊಲೆ ಮಾಡಿದವನು ಅಡುಗೆಯವನು. ಮೊದಲನೇ ಹೆಂಡತಿ ಕೊನೆಯವರೆಗೂ ಬರಲೇ ಇಲ್ಲ.

ಖಾನಾಪುರದ ಬಸ್ಸಿನಲ್ಲಿ ಅವರು ನನ್ನ ಮುಂದಿನ ಸೀಟಿನಲ್ಲೇ ಕೂತಿದ್ದರು. ಬಸ್ಸು ಮಚ್ಛೆ ಊರು ದಾಟಿತು. ಆಮೇಲೆ ಆಕೆ ಮೆಲ್ಲಗೆ ಕೇಳಿದಳು:

"ಅಲ್ರೀ, ಸಿನಿಮಾದಾಗ ಇಲ್ಲದ ಮೊದಲನೇ ಹೆಂಡ್ತಿ ನಿಮ್ಮ ಬಾಯಾಗ ಹೆಂಗ ಬಂದ್ಲು?"

ಗಂಡ ಕಿಟಕಿಯ ಆಚೆ ನೋಡತೊಡಗಿದ. ಖಾನಾಪುರ ಬಂದರೂ ಉತ್ತರ ಬರಲಿಲ್ಲ.

ಮಾತಿಲ್ಲದ ದೃಶ್ಯದ ತಾಕತ್ತು ಏನೆಂದು ನನಗೆ ಅರ್ಥವಾದದ್ದು ಆಗ.