ಮಾನಿಟರ್ ಆರಿಸಲು ಹೋದ ಗುರುಪ್ರಸಾದ

ಟಿ. ನರಸೀಪುರದ ಕಾಲೇಜು ರಸ್ತೆಯಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಗುರುಪ್ರಸಾದ ಗೇಮ್ ಸೆಂಟರ್ ನಡೆಸುತ್ತಿದ್ದ. ಬನ್ನು ಬೇಯುವ ವಾಸನೆ ಮೆಟ್ಟಿಲು ಹತ್ತಿಕೊಂಡು ಒಳಗೆ ಬರುತ್ತಿತ್ತು. ಉದ್ದನೆಯ ಕೋಣೆಯ ಒಂದು ಗೋಡೆಗೆ ಕಂಪ್ಯೂಟರುಗಳು, ಎದುರಿಗೆ ಒಂದು ಪ್ಲೇಸ್ಟೇಷನ್. ಬೇರೆ ಗೇಮ್ ಸೆಂಟರುಗಳಲ್ಲಿ ಚಿತ್ರ ಎದ್ದು ಕಾಣಲಿ ಎಂದು ಕೋಣೆಯನ್ನು ಕತ್ತಲು ಮಾಡುತ್ತಾರೆ. ಗುರುಪ್ರಸಾದ ಮಾತ್ರ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಸುತ್ತಿದ್ದ. ಗಾಜಿನ ಮೇಲೆ ಬೆಳಕು ಹೊಡೆಯುತ್ತದೆ ಎಂದು ಆಡುವವರು ಗೊಣಗಿದರೆ, "ಕತ್ತಲೇಲಿ ಕೂತ್ಕಳಾಕೆ ನಂಗಾಗಕಿಲ್ಲ, ಸುಮ್ನೆ ಆಡ್ರಪ್ಪ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅದಕ್ಕೂ ಮೊದಲು ಅವನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದ. ಕೆಲಸದಲ್ಲಿ ಚುರುಕು. ಆದರೆ ನೈಟ್ ಶಿಫ್ಟ್ ಬಂದಾಗಲೆಲ್ಲ ಏನಾದರೊಂದು ನೆಪ ತೆಗೆಯುತ್ತಿದ್ದ. ಕೊನೆಗೊಂದು ದಿನ ಸೂಪರ್‌ವೈಸರ್ ಜೊತೆ ಮಾತಿಗೆ ಮಾತು ಬೆಳೆದು ಕೆಲಸ ಬಿಟ್ಟು ಬಂದ. ಅಲ್ಲಿನ ಧೂಳು ಆಗಿಬರುವುದಿಲ್ಲ ಎಂದು ಮನೆಯಲ್ಲಿ ಹೇಳಿದ. ತಾಯಿ ಚನ್ನಾಜಮ್ಮ ನಂಬಿದಳು. ಹೆಂಡತಿ ನಯನಳಿಗೆ ನಂಬಿಕೆ ಬರಲಿಲ್ಲ. ಆದರೆ ಮದುವೆಯಾದ ಹೊಸತು, ಕೆದಕಲು ಹೋಗಲಿಲ್ಲ.

ಗೇಮ್ ಸೆಂಟರ್ ಕೈಹಿಡಿಯಿತು. ಕಾಲೇಜಿನ ಹುಡುಗರು, ಕೆಲಸ ಮುಗಿಸಿದ ಬಸ್ ಏಜೆಂಟರು, ರಜೆಗೆ ಬಂದ ಪೊಲೀಸ್ ಪೇದೆ, ಎಲ್ಲರೂ ಬರುತ್ತಿದ್ದರು. ಬೈಕ್ ರೇಸಿನಲ್ಲಿ ಗುರುಪ್ರಸಾದನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇಲ್ಲ ಎಂಬ ಮಾತು ಬನ್ನೂರಿನವರೆಗೂ ಹಬ್ಬಿತ್ತು. ಭಾನುವಾರ ಅಲ್ಲಿಂದ ಒಂದು ಗುಂಪು ಅವನನ್ನು ಸೋಲಿಸಲೆಂದೇ ಬಸ್ಸು ಹತ್ತಿ ಬರುತ್ತಿತ್ತು. ಸೋತವರು ಕೆಳಗಿನ ಬೇಕರಿಯಿಂದ ಹನಿ ಕೇಕ್ ಕೊಡಿಸಬೇಕು. ಮನೆಗೆ ಬಂದು, "ಊಟ ಬ್ಯಾಡ ಕಣವ್ವ, ಇವತ್ತೂ ಬನ್ನೂರಿನೋರು ತಿನ್ಸವ್ರೆ" ಎಂದು ಅವನು ನಗುತ್ತಿದ್ದುದನ್ನು ಚನ್ನಾಜಮ್ಮ ಎಷ್ಟೋ ವರ್ಷ ನೆನೆಸಿಕೊಂಡಳು.

ಎರಡು ಸಾವಿರದ ಆರರ ಮಳೆಗಾಲ ಕಳೆಯುವ ಹೊತ್ತಿಗೆ ಅವನು ಸೋಲತೊಡಗಿದ. ಪಕ್ಕದಿಂದ ನುಗ್ಗಿ ಬರುವ ಬೈಕು ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಪರದೆಯ ಮೂಲೆಯಲ್ಲಿ ದಾರಿ ತೋರಿಸುವ ಪುಟ್ಟ ನಕ್ಷೆ ಇರುತ್ತದೆ. ಅದನ್ನು ನೋಡಲು ತಲೆಯನ್ನೇ ಅತ್ತ ಹೊರಳಿಸಬೇಕಾಗುತ್ತಿತ್ತು. ಅಷ್ಟರಲ್ಲಿ ಇತ್ತ ಗಾಡಿ ಗೋಡೆಗೆ ಗುದ್ದಿರುತ್ತಿತ್ತು. ಬನ್ನೂರಿನವರು ಕೇಕು ತಿನ್ನತೊಡಗಿದರು.

ಕಂಪ್ಯೂಟರ್ ರಿಪೇರಿ ಮಾಡುವ ಬೆಟ್ಟಸ್ವಾಮಿ ಅವನ ಜೊತೆ ಓದಿದವನು. ಅವನನ್ನು ಕರೆಸಿದ.

"ಲೋ ಬೆಟ್ಟ, ಈ ಮಾನಿಟರ್ ಕತೆ ಮುಗೀತು ಕಣ್ಲಾ. ಅಂಚೆಲ್ಲ ಮಬ್ಬಾಗೈತೆ."

ಡಬ್ಬದಂಥ ಹಳೆಯ ಮಾನಿಟರಿನ ಬೆನ್ನು ಬಿಚ್ಚಿ, ಧೂಳು ಊದಿ, ಮತ್ತೆ ಕೂರಿಸಿ, ಪರದೆಯನ್ನೆಲ್ಲ ಬಿಳಿ ಮಾಡಿ ಬೆಟ್ಟಸ್ವಾಮಿ ಬಹಳ ಹೊತ್ತು ನೋಡಿದ. "ಎಲ್ಲಿ ಮಬ್ಬು? ಪಿಕ್ಚರ್ ಟ್ಯೂಬು ಚೆನ್ನಾಗೈತಲ್ಲ."

"ಆಡೋನಾಗಿದ್ರೆ ಗೊತ್ತಾಗೋದು ನಿಂಗೆ."

"ಆಡ್ದಿದ್ರೇನು, ಕಣ್ಣಿಲ್ವಾ ನಂಗೆ?"

ಆ ಮಾತಿಗೆ ಗುರುಪ್ರಸಾದ ಸಿಡಿದುಬಿದ್ದ. ಬೆಟ್ಟಸ್ವಾಮಿ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡು ಇಳಿದು ಹೋದ. ಒಂದು ವಾರ ಬಿಟ್ಟು ತಾನೇ ಬಂದ. "ಆಯ್ತು, ಹೊಸದೇ ತಗೊ. ಆದ್ರೆ ನೋಡಿ ತಗೊ" ಎಂದ.

ಆಗ ತೆಳುವಾದ, ಚಪ್ಪಟೆ ಮಾನಿಟರುಗಳು ಬಂದಿದ್ದ ಕಾಲ. ಯಾವುದನ್ನು ಕೊಳ್ಳಬೇಕೆಂಬುದು ಸುಲಭವಾಗಿರಲಿಲ್ಲ. ಕಂಪ್ಯೂಟರಿಗೂ ಆಗಬೇಕು, ಪ್ಲೇಸ್ಟೇಷನ್ನಿಗೂ ಆಗಬೇಕು ಎಂಬುದು ಗುರುಪ್ರಸಾದನ ಆಸೆ. ಪ್ಲೇಸ್ಟೇಷನ್ ಟಿವಿಗೆಂದು ಮಾಡಿದ್ದು. ಅದನ್ನು ಮಾನಿಟರಿಗೆ ಹಾಕಬೇಕಾದರೆ ನಡುವೆ ಒಂದು ಬಾಕ್ಸ್ ಬೇಕು. ಅಗ್ಗದ ಬಾಕ್ಸ್ ಆದರೆ ಇಲ್ಲಿ ಗುಂಡಿ ಒತ್ತಿದ ಮೇಲೆ ಅಲ್ಲಿ ಚಿತ್ರ ತಡವಾಗಿ ಕದಲುತ್ತದೆ. ಚಪ್ಪಟೆ ಮಾನಿಟರಿನಲ್ಲಿ ಬೈಕು ಜೋರಾಗಿ ಓಡಿದರೆ ಹಿಂದೆ ನೆರಳಿನಂತೆ ಗೀರು ಉಳಿಯುತ್ತದೆ. ಪಕ್ಕದಲ್ಲಿ ಕುಳಿತವನಿಗೆ ಬಣ್ಣ ಬೇರೆಯಾಗಿ ಕಾಣುತ್ತದೆ. ಇಷ್ಟೆಲ್ಲ ಹೇಳಿ ಬೆಟ್ಟಸ್ವಾಮಿ ಕೊನೆಗೆ, "ಅಂಗ್ಡೀಲಿ ಆಡಿ ನೋಡು. ಪೆಟ್ಟಿಗೆ ಮೇಲೆ ಬರೆದಿರೋದ ಓದ್ಕೊಂಡು ತರಬ್ಯಾಡ" ಎಂದ.

ನಯನಳ ತವರು ನಂಜನಗೂಡು. ಬಸುರಿಯಾಗಿದ್ದ ಅವಳು ಆಗ ತವರಿಗೆ ಬಂದಿದ್ದಳು. ಅವಳ ಮನೆಯ ಹತ್ತಿರವೇ ಶಿವಮೂರ್ತಿ ಎಂಬುವರು ಹೊಸದಾಗಿ ಕಂಪ್ಯೂಟರ್ ಅಂಗಡಿ ತೆರೆದಿದ್ದರು. ಗುರುಪ್ರಸಾದ ಪ್ಲೇಸ್ಟೇಷನ್ನನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬೆಟ್ಟಸ್ವಾಮಿಯೊಂದಿಗೆ ಬೆಳಗಿನ ಬಸ್ಸಿಗೆ ಹೋದ. ನಯನಳೂ ಅಂಗಡಿಗೆ ಬಂದಳು.

ಶಿವಮೂರ್ತಿಯವರು ಸಮಾಧಾನದ ಮನುಷ್ಯ. ಮೇಜಿನ ಮೇಲೆ ಮೂರು ಮಾನಿಟರುಗಳನ್ನು ಸಾಲಾಗಿ ಇಟ್ಟು, ಪ್ಲೇಸ್ಟೇಷನ್ನನ್ನು ಒಂದಾದ ಮೇಲೊಂದಕ್ಕೆ ಜೋಡಿಸಿಕೊಟ್ಟರು. ಗುರುಪ್ರಸಾದ ಮೊದಲನೆಯದರಲ್ಲಿ ಆಡಿ ತಲೆಯಾಡಿಸಿದ. "ಇದ್ರಲ್ಲೂ ಅಂಚು ಮಬ್ಬು ಸಾ." ಎರಡನೆಯದಕ್ಕೂ ಅದನ್ನೇ ಅಂದ. ಮೂರನೆಯದು ಅಗಲದ್ದು, ಅಂಗಡಿಗೆ ಅದೇ ವಾರ ಬಂದದ್ದು. ಶಿವಮೂರ್ತಿಯವರು ಹೆಮ್ಮೆಯಿಂದ ಅದರ ಪ್ಲಾಸ್ಟಿಕ್ ಹಾಳೆ ಸುಲಿದರು. ಬೈಕುಗಳು ಹೊರಟವು. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಕೂಡ ಹಾ ಎಂದರು.

ಗುರುಪ್ರಸಾದ ಕೈಯಲ್ಲಿದ್ದ ಕಂಟ್ರೋಲರನ್ನು ಕೆಳಗಿಟ್ಟ. "ಇದು ಎಲ್ಲಕ್ಕಿಂತ ಮೋಸ. ನಡುವೆ ಒಂದಿಷ್ಟು ಬಿಟ್ರೆ ಏನೂ ಇಲ್ಲ."

"ಯಾವ ಕಡೆ ಸಾರ್?" ಎಂದು ಶಿವಮೂರ್ತಿಯವರು ಪರದೆಗೆ ಮುಖವಿಟ್ಟು ನೋಡಿದರು. ಬೆಟ್ಟಸ್ವಾಮಿ ಪರದೆಯನ್ನು ನೋಡಲಿಲ್ಲ. ಅವನು ಗೆಳೆಯನ ಮುಖವನ್ನು ನೋಡುತ್ತಿದ್ದ.

ಪಕ್ಕದಲ್ಲಿ ನಿಂತಿದ್ದ ನಯನ ನಿಧಾನವಾಗಿ ಕೈ ಎತ್ತಿ ಗಂಡನ ಕಿವಿಯ ಮುಂದೆ ಬೆರಳಾಡಿಸಿದಳು. ಅವನು ತಿರುಗಲಿಲ್ಲ. ಕೈಯನ್ನು ಇನ್ನಷ್ಟು ಮುಂದೆ ತಂದಳು. ಆಗಲೂ ಇಲ್ಲ. ಕೆನ್ನೆಯ ಮುಂದೆ, ಮೂಗಿನ ಹತ್ತಿರ ಬರುವವರೆಗೂ ಅವನು ಪರದೆಯನ್ನೇ ಬೈಯುತ್ತಿದ್ದ. ಆಮೇಲೆ ಬೆಚ್ಚಿ ಹಿಂದಕ್ಕೆ ಸರಿದ.

"ಏನು ನಿಂದು?"

"ರೀ, ನನ್ನ ಕೈ ಇಷ್ಟೊತ್ತು ನಿಮ್ಮ ಪಕ್ಕದಲ್ಲೇ ಇತ್ತು" ಎಂದಳು ನಯನ.

ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟು, ಬೆಳಕು ಹಾಯಿಸಿ, ಚುಕ್ಕೆಗಳನ್ನು ತೋರಿಸಿ ಪರೀಕ್ಷೆ ಮಾಡಿದರು. ಡಾಕ್ಟರು ವಯಸ್ಸಾದವರು, ಸುತ್ತಿ ಬಳಸಿ ಹೇಳಲಿಲ್ಲ. ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆ ಅಂಚಿನಿಂದ ಸಾಯುತ್ತ ಬರುತ್ತಿದೆ, ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಅಕ್ಕಪಕ್ಕದ್ದು ಹೋಗುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ ಎಂದರು. ಕನ್ನಡಕದಿಂದ ಆಗುವುದಿಲ್ಲ. ಆಪರೇಷನ್ ಇಲ್ಲ.

"ಮಾನಿಟರ್ ನೋಡಿ ನೋಡಿ ಹಿಂಗಾಯ್ತಾ ಸಾ?"

"ಇಲ್ಲಪ್ಪ. ನೀನು ಕಂಪ್ಯೂಟರನ್ನೇ ಮುಟ್ಟದಿದ್ದರೂ ಇದು ಬರುತ್ತಿತ್ತು. ಹುಟ್ಟುವಾಗಲೇ ತಂದದ್ದು."

ಅದು ಅವನಿಗೆ ಸಮಾಧಾನ ತರಲಿಲ್ಲ. ಮಾನಿಟರಿನಿಂದ ಆದದ್ದಾದರೆ ಬಿಟ್ಟುಬಿಡಬಹುದಿತ್ತು. ಕಾರ್ಖಾನೆಯ ಗೇಟಿನಿಂದ ಬಸ್ ಸ್ಟಾಪಿನವರೆಗೆ ಗೋಡೆ ಸವರಿಕೊಂಡು ನಡೆದ ರಾತ್ರಿಗಳನ್ನು ಅವನು ಅಂದು ಮೊದಲ ಸಲ ಹೆಂಡತಿಗೆ ಹೇಳಿದ. ಎಲ್ಲರಿಗೂ ಕತ್ತಲೆಂದರೆ ಹಾಗೇ ಇರುತ್ತದೆ, ತಾನೊಬ್ಬ ಪುಕ್ಕಲ ಎಂದುಕೊಂಡಿದ್ದನಂತೆ.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದ್ದರು. ತಂದೆತಾಯಿ ಸಂಬಂಧದಲ್ಲೇ ಮದುವೆಯಾದವರೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತೇ ಎಂದು. ಚನ್ನಾಜಮ್ಮ ಮದುವೆಯಾದದ್ದು ತನ್ನ ಸೋದರಮಾವ ಬಸವಯ್ಯನನ್ನು. ಗುರುಪ್ರಸಾದ ಸಣ್ಣವನಿದ್ದಾಗ ಬಸವಯ್ಯ ಮುಸ್ಸಂಜೆಯಲ್ಲಿ ಹದಿನಾರು ಎಂಬ ಊರಿನಿಂದ ಸೈಕಲ್ ತುಳಿದುಕೊಂಡು ಬರುತ್ತ ನಾಲೆಗೆ ಬಿದ್ದು ಸತ್ತಿದ್ದ. ಕುಡಿದು ಬಿದ್ದ ಎಂದು ಊರು ಹೇಳಿತು. ಚನ್ನಾಜಮ್ಮನೂ ಹಾಗೆಂದೇ ನಂಬಿದ್ದಳು. ಆ ಕೋಪಕ್ಕೆ ಗಂಡನ ಫೋಟೋಗೆ ಹೂವು ಹಾಕಿದವಳೂ ಅಲ್ಲ.

ಮಗ ಬಂದು ಡಾಕ್ಟರು ಹೇಳಿದ್ದನ್ನು ಹೇಳಿದಾಗ ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು.

"ಸಂಜೆ ಆದ್ರೆ ದೀಪ ಹಚ್ಚು ದೀಪ ಹಚ್ಚು ಅನ್ನೋರು" ಎಂದಳು. "ಕುಡೀತಿದ್ರು, ಸುಳ್ಳಲ್ಲ. ಆದ್ರೆ ಅವತ್ತು ಕುಡ್ದಿರ್ನಿಲ್ಲ ಅಂತ ಜೊತೇಲಿದ್ದೋರು ಆಣೆ ಇಟ್ರು ಕಣಪ್ಪ. ನಾನೇ ನಂಬ್ನಿಲ್ಲ."

ಅಷ್ಟು ಹೇಳಿ ಹಿಟ್ಟಿನ ಕೈಯಲ್ಲೇ ಹಿತ್ತಿಲಿಗೆ ಹೋದಳು. ತುಂಬ ಹೊತ್ತು ಒಳಗೆ ಬರಲಿಲ್ಲ.

ಮಾನಿಟರ್ ಕೊಳ್ಳುವುದಂತೂ ಇತ್ತು. ಹಳೆಯದರ ಮೇಲೆ ಇಲ್ಲದ ದೂರು ಹೊರಿಸಿದ್ದೇನೋ ನಿಜ, ಆದರೆ ನಗರದಿಂದ ಬಂದ ಒಬ್ಬ ಬಸ್ ನಿಲ್ದಾಣದ ಎದುರು ಚಪ್ಪಟೆ ಪರದೆಗಳ ದೊಡ್ಡ ಗೇಮ್ ಸೆಂಟರ್ ತೆರೆಯುವ ಸುದ್ದಿಯಿತ್ತು. ನಯನ ಗಂಡನನ್ನೂ ಬೆಟ್ಟಸ್ವಾಮಿಯನ್ನೂ ಮತ್ತೆ ಶಿವಮೂರ್ತಿಯವರ ಅಂಗಡಿಗೆ ಕರೆದುಕೊಂಡು ಹೋದಳು.

"ಆ ಅಗಲದ್ದು ತಗೊಳ್ಳಿ. ಆಡೋಕೆ ಬರೋರಿಗೆ ಅದೇ ಬೇಕು" ಎಂದಳು.

ಬೆಟ್ಟಸ್ವಾಮಿಯೂ ಹೂಂ ಎಂದ. ಗುರುಪ್ರಸಾದ ಹೋಗಿ ಅಂಗಡಿಯ ಮೂಲೆಯಲ್ಲಿದ್ದ ಒಂದು ಚಿಕ್ಕ ಮಾನಿಟರಿನ ಮುಂದೆ ಕುಳಿತ. ಬಿಲ್ ಹಾಕುವ ಕಡೆ ಇಡುವಂಥದ್ದು ಅದು. ಪ್ಲೇಸ್ಟೇಷನ್ ಜೋಡಿಸಿಕೊಂಡು ಕುರ್ಚಿಯನ್ನು ಹಿಂದಕ್ಕೆ ಎಳೆದ. ಇನ್ನಷ್ಟು ಹಿಂದಕ್ಕೆ ಎಳೆದ. ಅಲ್ಲಿಂದ ನಾಲ್ಕು ಮೂಲೆಗಳೂ ಅವನ ಕಣ್ಣಿಗೆ ದಕ್ಕಿದವು. ಚಿತ್ರ ಕಲೆಸಿದಂತಿತ್ತು, ಅಂಕಿಗಳು ಇರುವೆಯಷ್ಟು ಸಣ್ಣಗಿದ್ದವು. ಆದರೆ ಆಟ ಇಡಿಯಾಗಿ ಕಾಣುತ್ತಿತ್ತು. ಅವನು ಗೆದ್ದ. ಮತ್ತೆ ಆಡಿ ಮತ್ತೆ ಗೆದ್ದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಬಂದಿತ್ತು.

"ಇದೇ ಸಾಕು" ಎಂದ.

"ಇದು ನಿಮಗೆ ಸರಿ. ಅಂಗಡಿಗೆ?" ಎಂದಳು ನಯನ.

"ಅಂಗಡಿ ನಂದಲ್ವಾ?"

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ನರಸೀಪುರದ ಬಸ್ಸಿನಲ್ಲಿ ಕುಳಿತಾಗ, ಬೀಳ್ಕೊಡಲು ಬಂದ ನಯನ ಬಸ್ಸು ಹೊರಡುವ ಮೊದಲೇ ತಿರುಗಿ ನಡೆದಳು.

ಆ ಚಿಕ್ಕ ಮಾನಿಟರಿನಲ್ಲಿ ಆಡಲು ಯಾರೂ ಇಷ್ಟಪಡಲಿಲ್ಲ. ಬಸ್ ನಿಲ್ದಾಣದ ಎದುರಿನ ಸೆಂಟರ್ ಶುರುವಾದದ್ದೇ ತಡ, ಅರ್ಧ ಮಂದಿ ಅಲ್ಲಿಗೆ ಹೋದರು. ಉಳಿದವರನ್ನು ಊರಿನ ಮಾತು ದೂರಮಾಡಿತು. ಗೇಮ್ ಆಡಿ ಆಡಿ ಗುರುಪ್ರಸಾದನ ಕಣ್ಣು ಹೋಯಿತಂತೆ ಎಂದು ತಾಯಂದಿರು ಮಕ್ಕಳನ್ನು ಗದರಿಸತೊಡಗಿದರು. ಒಬ್ಬಾಕೆಯಂತೂ ಮೆಟ್ಟಿಲು ಹತ್ತಿ ಬಂದು ಮಗನ ರೆಟ್ಟೆ ಹಿಡಿದು ಎಳೆಯುತ್ತ, "ಇವನ ಗತಿ ನೋಡ್ಲಾ, ನಿಂಗೂ ಇದೇ ಬೇಕಾ?" ಎಂದು ಅವನ ಎದುರಿಗೇ ಕೇಳಿದಳು. ಹುಟ್ಟಿನಿಂದ ಬಂದದ್ದು ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದ. ಹಾಗೆ ಹೇಳಿದರೆ ನಯನಳ ಹೊಟ್ಟೆಯಲ್ಲಿದ್ದ ಮಗುವಿನ ಮೇಲೂ ಮಾತು ಬರುತ್ತಿತ್ತು.

ಹೆಣ್ಣು ಮಗು ಹುಟ್ಟಿತು. ಮಗುವಿಗೆ ಬರುತ್ತದೆಂದೂ ಬರುವುದಿಲ್ಲವೆಂದೂ ಈಗಲೇ ಹೇಳಲಾಗದು ಎಂದರು ಡಾಕ್ಟರು. ಖಾಲಿ ಕೋಣೆಯಲ್ಲಿ ಗುರುಪ್ರಸಾದ ಒಬ್ಬನೇ ಆಡುತ್ತಿದ್ದ. ಕುರ್ಚಿ ತಿಂಗಳಿಂದ ತಿಂಗಳಿಗೆ ಹಿಂದೆ ಸರಿಯುತ್ತ ಹೋಗಿ ಎದುರಿನ ಗೋಡೆಗೆ ತಾಗಿತು. ಅದಕ್ಕಿಂತ ಹಿಂದೆ ಜಾಗವಿರಲಿಲ್ಲ. ಒಂದು ದಿನ ಬೆಟ್ಟಸ್ವಾಮಿಯನ್ನು ಕರೆಸಿ, "ಎಲ್ಲಾನೂ ಬಿಚ್ಕೊಂಡೋಗ್ಲಾ" ಎಂದ. ಬೆಟ್ಟಸ್ವಾಮಿ ತಂತಿಗಳನ್ನು ಸುತ್ತುವಾಗ ಅವನು ಮೆಟ್ಟಿಲ ಮೇಲೆ ಕುಳಿತು ರಸ್ತೆಯ ಸದ್ದು ಕೇಳಿಸಿಕೊಳ್ಳುತ್ತಿದ್ದ.

ನಯನ ನಂಜನಗೂಡಿನಲ್ಲಿ ಕಾರ್ಖಾನೆಯ ಕೆಲಸ ಹಿಡಿದಳು. ಎಲ್ಲರೂ ಅಲ್ಲೇ ಒಂದು ಬಾಡಿಗೆ ಮನೆಗೆ ಬಂದರು. ನೈಟ್ ಶಿಫ್ಟ್ ಇದ್ದರೆ ಅವಳು ಇಲ್ಲವೆನ್ನುತ್ತಿರಲಿಲ್ಲ. ಗಂಡನ ಮೇಲಿನ ಸಿಟ್ಟು ಅವಳಲ್ಲಿ ಪೂರ್ತಿ ಆರಲಿಲ್ಲ, ಆದರೆ ಬೆಳಿಗ್ಗೆ ಬಂದವಳು ಅವನ ತಟ್ಟೆಯಲ್ಲಿ ಎಲ್ಲಿ ಏನಿದೆ ಎಂದು ಹೇಳಿಯೇ ಮಲಗುತ್ತಿದ್ದಳು.

ಹಗಲಲ್ಲಿ ಮಗುವನ್ನು ನೋಡಿಕೊಳ್ಳುವವನು ಗುರುಪ್ರಸಾದ. ಗೆಜ್ಜೆಯ ಸದ್ದಿನಿಂದ ಮಗುವಿರುವ ಜಾಗ ಗೊತ್ತಾಗುತ್ತಿತ್ತು. ಎರಡು ತುಂಬಿದ ಮಗಳು ಒಂದು ಮಧ್ಯಾಹ್ನ ಸದ್ದಿಲ್ಲದಂತಾದಳು. ನಯನ ಕಾರ್ಖಾನೆಯಲ್ಲಿದ್ದಳು, ಚನ್ನಾಜಮ್ಮ ನಲ್ಲಿಯ ಹತ್ತಿರ ನೀರಿಗೆ ಹೋಗಿದ್ದಳು. ಅವನು ಕೂಗಿದ, ಮನೆಯೆಲ್ಲ ತಡಕಿದ. ಮುಂಬಾಗಿಲು ತೆರೆದೇ ಇತ್ತು. ರಸ್ತೆಯಲ್ಲಿ ಲಾರಿಯೊಂದು ಬ್ರೇಕ್ ಹಾಕಿತು. ಅವನು ಹೊಸಲು ಎಡವಿ ಬೀದಿಗೆ ಬಿದ್ದು, ಅಲ್ಲಿಂದಲೇ ಮಗಳ ಹೆಸರು ಹಿಡಿದು ಚೀರಿದ. ಜನ ಸೇರಿದರು.

ಕೊಡ ಬಿಸಾಡಿ ಓಡಿಬಂದ ಚನ್ನಾಜಮ್ಮ ಮಗುವನ್ನು ಕಂಡಳು. ಬಾಗಿಲ ಪಕ್ಕದಲ್ಲೇ, ಅವನು ಬಿದ್ದಲ್ಲಿಂದ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ, ಮಗು ಗೋಡೆಗೆ ಒರಗಿ ನಿಂತಿತ್ತು. ಅಪ್ಪ ಚೀರುವುದನ್ನು ನೋಡಿ ಹೆದರಿ, ಅಳುವುದನ್ನೂ ಮರೆತಿತ್ತು.

ಆ ಸಂಜೆ ಅವನು ತಾಯಿಯನ್ನು ಹತ್ತಿರ ಕೂರಿಸಿಕೊಂಡ. ಮೊಣಕಾಲು ತರಚಿ ರಕ್ತ ಹೆಪ್ಪುಗಟ್ಟಿತ್ತು.

"ಅವ್ವ, ಇನ್ಮೇಲೆ ನನ್ನೊಬ್ಬನ ಹತ್ರ ಅವಳ್ನ ಬಿಡ್ಬ್ಯಾಡ."

"ಹಂಗನ್ಬ್ಯಾಡ ಕಣಪ್ಪ."

"ನೀನು ನೀರಿಗೆ ಹೋದ್ರೂ ಎತ್ಕೊಂಡೋಗು."

ಚನ್ನಾಜಮ್ಮ ಮರುದಿನದಿಂದ ಹಾಗೆಯೇ ಮಾಡಿದಳು. ಒಂದು ಸೊಂಟದಲ್ಲಿ ಕೊಡ, ಇನ್ನೊಂದರಲ್ಲಿ ಮೊಮ್ಮಗಳು. ಅವರಿಬ್ಬರೂ ಹೊರಟಾಗ ಗುರುಪ್ರಸಾದ ಎದ್ದು ಬಂದು, ಮಗು ಒಂಟಿಯಾಗಿ ತನ್ನ ಬಳಿಗೆ ತಿರುಗಿ ಬಾರದಿರಲೆಂದು ಬಾಗಿಲ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳುತ್ತಿದ್ದ.