ಬೋಸಾ ನೋವಾ ಮಧ್ವರಾಜ

ಉಡುಪಿಯ ಮಧ್ವರಾಜ ಕೌಲಾಲಂಪುರದ ಹೋಟೆಲುಗಳಲ್ಲಿ ಗಿಟಾರ್ ನುಡಿಸುತ್ತ, ಬ್ರೆಜಿಲ್‌ನ ಬೋಸಾ ನೋವಾ ಹಾಡುತ್ತಲೇ ತಲೆ ನರೆಸಿಕೊಂಡವನು. ಆ ಪೋರ್ಚುಗೀಸ್ ಹಾಡುಗಳನ್ನೆಲ್ಲ ಅರ್ಥ ತಿಳಿಯದೆ, ಕ್ಯಾಸೆಟ್ ಕೇಳಿ ಬಾಯಿಪಾಠ ಮಾಡಿದ್ದ. ಕೇಳಿದವರಿಗೆಲ್ಲ, ಕಟ್ಟಿಕೊಂಡ ಹೆಂಡತಿ ಗುಲಾಬಿಗೂ, ಬ್ರೆಜಿಲ್‌ನ ರಿಯೋದಲ್ಲಿದ್ದು ಆ ಭಾಷೆ ಕಲಿತೆನೆಂದು ಬುರುಡೆ ಬಿಟ್ಟಿದ್ದ.

ಕೊರೊನಾ ಬಂದು ಹೋಟೆಲುಗಳು ಮುಚ್ಚಿದ ಮೇಲೆ ಊರಂಚಿನ ಪುಚೊಂಗ್‌ನ ತನ್ನ ಫ್ಲ್ಯಾಟಿನ ಬಾಲ್ಕನಿಯಲ್ಲೇ ಹಾಡತೊಡಗಿದ. ಒಂದು ಸಂಜೆ ಮೇಲಿನ ಮಹಡಿಯ ಬ್ರೆಜಿಲ್ ಹೆಂಗಸನ್ನು ಗುಲಾಬಿಯೇ ಹೆಮ್ಮೆಯಿಂದ ಬಾಗಿಲಿಗೆ ಕರೆತಂದಳು.

“ಇವರ ಅಮ್ಮ ಊರಲ್ಲಿ ತೀರಿಹೋದ್ರಂತೆ, ಹೋಗ್ಲಿಕ್ಕೆ ಫ್ಲೈಟ್ ಇಲ್ಲ. ಇವರ ಭಾಷೆಯಲ್ಲೇ ನಾಲ್ಕು ಮಾತಾಡಿ.”

ಆ ಹೆಂಗಸು ಅಳುತ್ತ ಏನೇನೋ ಹೇಳಿ, ಉತ್ತರಕ್ಕಾಗಿ ಅವನ ಮುಖ ನೋಡಿದಳು. ಮಧ್ವರಾಜ ಬಾಗಿಲಿಗೆ ಬರುವಾಗ ಹಾಕಿಕೊಂಡ ಮಾಸ್ಕಿನೊಳಗೇ ಏನೋ ಗೊಣಗಿದ.

“ಮಾಸ್ಕ್ ಸ್ವಲ್ಪ ಇಳಿಸಿ ಮಾರಾಯ್ರೆ,” ಎಂದಳು ಗುಲಾಬಿ. “ನೀವು ಹೇಳುದು ಅವರಿಗೆ ಕೇಳ್ತಾ ಇಲ್ಲ.”